ಸದ್ದಿಲ್ಲದ ಗಾಡಿಯ ಡ್ರೈವರಣ್ಣ

ಡ್ರೈವರಣ್ಣನ ಎಡ ಅಂಗೈಯ ನಟ್ಟನಡುವೆ ಹಳೆಯ ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಚರ್ಮ ಕಪ್ಪಾಗಿ, ಗಟ್ಟಿಯಾಗಿ, ಎಣ್ಣೆ ಸವರಿದ ಹಾಗೆ ಮಿನುಗುತ್ತಿತ್ತು. ಮೂವತ್ತು ವರ್ಷ ಲಾರಿಯ ಗೇರು ಹಿಡಿದ ಗುರುತು ಅದು. ನಮ್ಮ ಬ್ಯಾಟರಿ ವ್ಯಾನಿಗೆ ಗೇರೇ ಇರಲಿಲ್ಲ. ಆದರೂ ಏರು ಬಂದಾಗಲೆಲ್ಲ ಆ ಕೈ ತಾನಾಗಿ ಕೆಳಗಿಳಿದು, ಇಲ್ಲದ ಗೇರನ್ನು ಹುಡುಕಿ, ಸಿಗದೆ ತೊಡೆಯ ಮೇಲೆ ಕೂತುಬಿಡುತ್ತಿತ್ತು. ಪಕ್ಕದ ಸೀಟಿನಲ್ಲಿ ಪುಸ್ತಕ ಹಿಡಿದು ಕೂತಿದ್ದ ನನಗೆ ನಗು ತಡೆಯಲಾಗುತ್ತಿರಲಿಲ್ಲ. "ನಗಬ್ಯಾಡ ಕಣವ್ವ, ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ" ಎನ್ನುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಅಕ್ಕಿಹೆಬ್ಬಾಳಿನ ರೈತರ ಮನೆಯ ಹುಡುಗಿ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ ಮೊದಲ ಕೆಲಸಕ್ಕೆ ಸೇರಿದ್ದೆ. ಬೆಂಗಳೂರಿನ ಒಂದು ವಾಹನ ಕಂಪನಿ ಶ್ರೀರಂಗಪಟ್ಟಣದ ಹೊರಗೆ ಮುಚ್ಚಿಹೋಗಿದ್ದ ಅಕ್ಕಿ ಗಿರಣಿಯೊಂದನ್ನು ಬಾಡಿಗೆಗೆ ಹಿಡಿದು ಅಲ್ಲಿ ಬ್ಯಾಟರಿಯಿಂದ ಓಡುವ ವ್ಯಾನು ತಯಾರಿಸುತ್ತಿತ್ತು. ನಮ್ಮ ಕಡೆ ಅದನ್ನು ಕೇಳುವವರೇ ಇರಲಿಲ್ಲ. ಕಂಪನಿಯ ಕಣ್ಣಿದ್ದದ್ದು ಚೀನಾದ ಮೇಲೆ. ಅಲ್ಲಿನ ದೊಡ್ಡ ಊರುಗಳಲ್ಲಿ ಹೊಗೆ ಹೆಚ್ಚಾಗುತ್ತಿದೆ, ಮುಂದೆ ಇಂಥ ಗಾಡಿಗಳಿಗೆ ಅಲ್ಲಿ ಒಳ್ಳೆಯ ಕಾಲ ಬರುತ್ತದೆ, ಅಲ್ಲಿನ ಕಾರ್ಖಾನೆಯೊಂದರ ಜೊತೆ ಸೇರಿದರೆ ಸಾವಿರಗಟ್ಟಲೆ ವ್ಯಾನು ಮಾಡಬಹುದು ಎಂದು ನಮ್ಮ ಮ್ಯಾನೇಜರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಅಲ್ಲಿನ ಇಂಜಿನಿಯರುಗಳು ನೋಡಲು ಬರುವುದಿತ್ತು. ಅಷ್ಟರೊಳಗೆ ಗಾಡಿಯನ್ನು ಎಲ್ಲ ಬಗೆಯ ರಸ್ತೆಯಲ್ಲೂ ಓಡಿಸಿ, ಬ್ಯಾಟರಿ ಎಲ್ಲಿಯವರೆಗೆ ಬರುತ್ತದೆಂದು ಬರೆದಿಡಬೇಕಾಗಿತ್ತು. ಬರೆಯುವುದು ನನ್ನ ಕೆಲಸ, ಓಡಿಸುವುದು ಡ್ರೈವರಣ್ಣನ ಕೆಲಸ.

ಅವರು ನಾಗಮಂಗಲದ ಕಡೆಯವರು. ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲಾರಿ ಹೊಡೆದು ಹೊಡೆದು ಆ ಸುತ್ತಿನ ಒಂದೊಂದು ಗುಂಡಿಯೂ ಅವರಿಗೆ ನೆಂಟ. ಐವತ್ತು ದಾಟಿತ್ತು. ಡೀಸೆಲ್ ಹೊಗೆ ಕುಡಿದು ಎದೆ ಹಾಳಾಗಿ, ಮಾತಿನ ನಡುವೆ ಕೆಮ್ಮು ಬಂದರೆ ಮುಗಿಯುವವರೆಗೆ ಕೈಯೆತ್ತಿ ನಮ್ಮನ್ನು ಕಾಯಿಸುತ್ತಿದ್ದರು. ಲಾರಿ ಬಿಡುವಂತೆ ಡಾಕ್ಟರು ಹೇಳಿದ ಮೇಲೆ ಇಲ್ಲಿಗೆ ಬಂದಿದ್ದರು.

ಮೊದಲ ದಿನ ಬೀಗದಕೈ ತಿರುಗಿಸಿ, ಕಿವಿ ಮುಂದೆ ಮಾಡಿ ಸ್ವಲ್ಪ ಹೊತ್ತು ಕೂತರು. "ಇದೇನವ್ವ, ಉಸ್ರೇ ಇಲ್ಲ? ಸತ್ತೋಗದಾ?" ಎಂದರು. "ಸ್ಟಾರ್ಟ್ ಆಗಿದೆ ಅಣ್ಣ, ಒತ್ತಿ" ಎಂದೆ. ಗಾಡಿ ಮುಂದಕ್ಕೆ ಜಾರಿತು. ಪಾಂಡವಪುರ ದಾಟಿ ನಾಲೆಯ ಏರಿಯ ಮೇಲೆ ಹೋಗುವಾಗ ಗಾಡಿಯನ್ನು ನಿಧಾನ ಮಾಡಿ ಹೇಳಿದರು: "ಮೂವತ್ ವರ್ಸ ಈ ರೋಡಲ್ಲಿ ಓಡಾಡಿವ್ನಿ. ಈ ನಾಲೆ ನೀರ್ಗೆ ಸದ್ದೈತೆ ಅಂತ ಇವತ್ತೇ ಗೊತ್ತಾಗಿದ್ದು ಕಣವ್ವ."

ಆಮೇಲೆ ಅವರಿಗೆ ಆ ಗಾಡಿಯ ಹುಚ್ಚು ಹಿಡಿಯಿತು. ಎದುರಿಗೆ ಎತ್ತಿನಗಾಡಿ ಬಂದರೆ ಎತ್ತುಗಳು ಬೆದರುವುದಿಲ್ಲ ಎಂದು ಮಗುವಿನಂತೆ ಸಂತೋಷಪಡುವರು. ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರ ಮಾತು ಒಳಗೆ ಕೇಳಿಸಿದರೆ ಕಿಟಕಿಯಿಂದಲೇ ಉತ್ತರ ಕೊಟ್ಟು ಬೈಸಿಕೊಳ್ಳುವರು. ಬ್ಯಾಟರಿ ಉಳಿಸುವುದನ್ನು ಯಾರೂ ಅವರಿಗೆ ಕಲಿಸಲಿಲ್ಲ. ಇಳಿಜಾರಿನಲ್ಲಿ ಎಲ್ಲಿ ಬಿಡಬೇಕು, ಏರಿಗೆ ಎಷ್ಟು ಮೊದಲು ಕಾಲೊತ್ತಬೇಕು ಎಂಬುದನ್ನು ಅವರ ಪಾದವೇ ಕಂಡುಕೊಂಡಿತು. ಮೇಲುಕೋಟೆಯ ಬೆಟ್ಟದ ರಸ್ತೆಯನ್ನು ಒಂದೇ ಸಮ ಹತ್ತಿಸುತ್ತಿದ್ದದ್ದು ಅವರೊಬ್ಬರೇ. ಬೇರೆ ಡ್ರೈವರುಗಳ ಕೈಯಲ್ಲಿ ಗಾಡಿ ಅರ್ಧದಲ್ಲೇ ಸುಸ್ತಾಗಿ ನಿಲ್ಲುತ್ತಿತ್ತು.

ಚೀನಾದವರು ಬರಲು ಇನ್ನು ತಿಂಗಳಿದೆ ಎನ್ನುವಾಗ ಅದು ನಡೆಯಿತು. ಚಿನಕುರಳಿ ದಾಟಿ ಕೆ.ಆರ್. ಪೇಟೆಯ ಕಡೆಗೆ ಹೋಗುತ್ತಿದ್ದೆವು. ಸಂಜೆ ಡೈರಿಗೆ ಹಾಲು ಹಾಕುವ ಹೊತ್ತು, ಇನ್ನೂ ಚೆನ್ನಾಗಿ ಬೆಳಕಿತ್ತು. ಹಳ್ಳಿಯೊಂದರ ನಡುವೆ, ರಸ್ತೆಯ ಎಡಗಡೆ ವಯಸ್ಸಾದವರೊಬ್ಬರು ಹಾಲಿನ ಕ್ಯಾನು ಹಿಡಿದು ಸುಮ್ಮನೆ ನಿಂತಿದ್ದರು. ನಾವು ಹೋಗಲಿ ಎಂದು ನಿಂತಿದ್ದಾರೆ ಎಂದು ನಾನೂ ಅಂದುಕೊಂಡೆ, ಡ್ರೈವರಣ್ಣನೂ ಅಂದುಕೊಂಡರು. ಹಾರ್ನ್ ಹೊಡೆಯಲಿಲ್ಲ. ಆ ಮನುಷ್ಯ ತಲೆಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಓರೆ ಮಾಡಿ, ನಮ್ಮ ಮುಂದೆ ನೆಟ್ಟಗೆ ರಸ್ತೆಗೆ ಇಳಿದರು.

ಬ್ರೇಕು ಹಿಡಿಯಿತು, ಆದರೆ ಸಾಕಾಗಲಿಲ್ಲ. ಓಡಿಹೋಗಿ ನೋಡಿದಾಗಲೇ ಅವರಿಗೆ ಎರಡೂ ಕಣ್ಣಿಲ್ಲವೆಂದು ನಮಗೆ ಗೊತ್ತಾದದ್ದು. ದಿನವೂ ಅದೇ ಜಾಗದಲ್ಲಿ, ಕಿವಿಯಿಂದಲೇ ರಸ್ತೆ ದಾಟುತ್ತಿದ್ದವರು. ಹಾಲೆಲ್ಲ ಟಾರಿನ ಮೇಲೆ ಹರಿದಿತ್ತು.

ಅವರನ್ನು ವ್ಯಾನಿನಲ್ಲಿ ಮಲಗಿಸಿ ಡ್ರೈವರಣ್ಣ ಕೆ.ಆರ್. ಪೇಟೆಯ ಕಡೆಗೆ ಬಿಟ್ಟರು. ಬ್ಯಾಟರಿ ಉಳಿಸುವ ಮಾತೇ ಇರಲಿಲ್ಲ, ಇದ್ದಷ್ಟು ವೇಗದಲ್ಲಿ ಓಡಿಸಿದರು. ಆಸ್ಪತ್ರೆ ಇನ್ನೇನು ಅರ್ಧ ಮೈಲಿ ಇದೆ ಎನ್ನುವಾಗ ಬ್ಯಾಟರಿ ಮುಗಿದು ಗಾಡಿ ನಿಂತಿತು. ಅತ್ತಿತ್ತ ನೋಡಿದರೆ ಒಂದು ವಾಹನವೂ ಇಲ್ಲ. ಅವರು ಆ ಮನುಷ್ಯನನ್ನು ಬೆನ್ನಿಗೆ ಹಾಕಿಕೊಂಡು ನಡೆಯತೊಡಗಿದರು. ಕೆಮ್ಮಿನಿಂದ ನಾಲ್ಕು ಹೆಜ್ಜೆ ಜೋರಾಗಿ ನಡೆಯಲಾಗದವರು ಎಲ್ಲಿಯೂ ನಿಲ್ಲಲಿಲ್ಲ. ನಾನು ಹಿಂದಿನಿಂದ ಆ ಮನುಷ್ಯನ ಕಾಲು ಹಿಡಿದುಕೊಂಡಿದ್ದೆ. ಅವರಿಗೆ ಪ್ರಜ್ಞೆ ಇತ್ತು. ಡ್ರೈವರಣ್ಣನ ಕಿವಿಯ ಹತ್ತಿರ ಮೆಲ್ಲಗೆ ಕೇಳಿದರು: "ಯಾರಪ್ಪ ನೀನು? ಎತ್ತಿನ್ ಗಾಡಿಯೋನಾ? ಒಂದು ಗಂಟೆ ಕಟ್ಬಾರ್ದಾಗಿತ್ತಾ?"

ಸೊಂಟ ಮುರಿದಿತ್ತು. ಹತ್ತು ಹನ್ನೊಂದು ದಿನ ಇದ್ದು ತೀರಿಕೊಂಡರು. ಮನೆಯವರು ದೂರು ಕೊಡಲಿಲ್ಲ. ಮಣ್ಣಿಗೆ ಹೋಗಿದ್ದಾಗ ಡ್ರೈವರಣ್ಣ ಆತನ ಹೆಂಡತಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ತಲೆ ಬಗ್ಗಿಸಿದರು. ಆಕೆ, "ಅವುರ್ಗೆ ಕಣ್ಣಿರ್ನಿಲ್ಲ, ನಿನ್ ಗಾಡೀಗೆ ಸದ್ದಿರ್ನಿಲ್ಲ. ಯಾರ್ನ ಬೈಯ್ಲಿ ನಾನು?" ಎಂದರು. ಅಂದಿನಿಂದ ಪ್ರತಿ ಭಾನುವಾರ ಡ್ರೈವರಣ್ಣ ಬಸ್ಸು ಹತ್ತಿ ಆ ಊರಿಗೆ ಹೋಗುತ್ತಿದ್ದರು. ಆಕೆಯ ಎಮ್ಮೆಗೆ ವಾರಕ್ಕಾಗುವಷ್ಟು ಹುಲ್ಲು ಕುಯ್ದು ಹಾಕಿ, ಕೊಟ್ಟ ಮಜ್ಜಿಗೆ ಕುಡಿದು ಬರುತ್ತಿದ್ದರು. ಅಲ್ಲಿ ಇಬ್ಬರೂ ಏನು ಮಾತಾಡುತ್ತಿದ್ದರೋ ನಾನು ಕೇಳಲಿಲ್ಲ.

ನಾನು ಪುಸ್ತಕದಲ್ಲಿ ನಡೆದದ್ದನ್ನೆಲ್ಲ ಬರೆದಿದ್ದೆ. ಗಾಡಿ ಬರುವುದು ಕೇಳಿಸುವುದಿಲ್ಲ, ಕಾರಣ ಅದೇ, ಎಂದೂ ಬರೆದಿದ್ದೆ. ಮ್ಯಾನೇಜರು ಆ ಹಾಳೆಯನ್ನು ನನ್ನೆದುರೇ ಹರಿದು ಮಡಚಿ ಜೇಬಿಗಿಟ್ಟುಕೊಂಡರು. ಡ್ರೈವರಣ್ಣ ಒಂದೇ ಒಂದು ಕೇಳಿದರು. "ಸಾ, ತಪ್ಪು ನಂದೇ ಅಂತ ಬರ್ಕೊಳಿ. ಗಾಡಿಗೆ ವಸಿ ಸದ್ದು ಬರಂಗೆ ಏನಾರ ಮಡಗಿ."

"ಸದ್ದಿಲ್ಲ ಅಂತಲೇ ಚೀನಾದವರು ಅಷ್ಟು ದೂರದಿಂದ ಬರ್ತಿರೋದು. ನೀವು ಗಾಡಿ ಓಡಿಸಿ ಸಾಕು" ಎಂದರು ಮ್ಯಾನೇಜರು. ಬೆಟ್ಟ ಹತ್ತಿಸಲು ಬೇರೆ ಯಾರೂ ಇರದಿದ್ದುದರಿಂದ ಡ್ರೈವರಣ್ಣನನ್ನು ಕೆಲಸದಿಂದ ತೆಗೆಯುವಂತೆಯೂ ಇರಲಿಲ್ಲ.

ಚೀನಾದಿಂದ ಬಂದವರು ಮೂವರು. ಒಬ್ಬರು ನರೆತ ತಲೆಯ ಹಿರಿಯ ಇಂಜಿನಿಯರು, ಒಬ್ಬ ಯುವಕ, ಮತ್ತೆ ಅವರಿಗೆ ಇಂಗ್ಲಿಷನ್ನು ತಮ್ಮ ಭಾಷೆಗೆ ಮಾಡಿ ಹೇಳುವ ಹೆಂಗಸು. ಬೆಳಿಗ್ಗೆ ಗಿರಣಿಯ ಮುಂದೆ ವ್ಯಾನು ಬಂದು ನಿಂತಾಗ ಎಲ್ಲರೂ ಅದರ ಮುಂಭಾಗ ನೋಡಿದೆವು. ಬಂಪರಿಗೆ ಎತ್ತಿನ ಕೊರಳಿಗೆ ಕಟ್ಟುವ ಹಿತ್ತಾಳೆಯ ಗಂಟೆಯೊಂದನ್ನು ಹುರಿಯಿಂದ ಬಿಗಿದು ಕಟ್ಟಿತ್ತು. ಮ್ಯಾನೇಜರ ಮುಖ ಕೆಂಪಾಯಿತು. ಆದರೆ ಅತಿಥಿಗಳ ಮುಂದೆ ಏನು ಮಾಡುವುದು? ನಗುತ್ತಾ ಬಾಗಿಲು ತೆರೆದರು.

ಆ ದಿನ ಡ್ರೈವರಣ್ಣ ಓಡಿಸಿದ ಹಾಗೆ ಗಾಡಿಯನ್ನು ಯಾರೂ ಓಡಿಸಿರಲಿಲ್ಲ. ಗುಂಡಿ ಬಂದಲ್ಲೆಲ್ಲ ಗಂಟೆ ಟಣ್ ಟಣ್ ಎನ್ನುತ್ತಿತ್ತು. ಮೇಲುಕೋಟೆಯ ಬೆಟ್ಟವನ್ನು ಒಂದೇ ಉಸಿರಿಗೆ ಹತ್ತಿ ಕಲ್ಯಾಣಿಯ ಹತ್ತಿರ ನಿಂತಾಗ ಮೂವರೂ ಚಪ್ಪಾಳೆ ತಟ್ಟಿದರು. ಕೆಳಗಿಳಿದ ಹಿರಿಯ ಇಂಜಿನಿಯರು ನೇರವಾಗಿ ಗಂಟೆಯ ಹತ್ತಿರ ಹೋಗಿ ಏನೋ ಕೇಳಿದರು. ಆ ಹೆಂಗಸು ಅದನ್ನು ಇಂಗ್ಲಿಷಿನಲ್ಲಿ ನನಗೆ ಕೇಳಿದರು, ನಾನು ಕನ್ನಡದಲ್ಲಿ ಡ್ರೈವರಣ್ಣನಿಗೆ ಕೇಳಿದೆ. ಇದು ಯಾಕೆ?

ಅವರು ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಯೋಳವ್ವ ಅವುರ್ಗೆ. ನಾನು ಈ ಗಾಡೀಲಿ ಒಬ್ಬುನ್ನ ಕೊಂದಿವ್ನಿ. ಆವಯ್ಯಂಗೆ ಕಣ್ಣಿರ್ನಿಲ್ಲ, ಕಿವೀಲೇ ದಾರಿ ನೋಡ್ತಿದ್ದ. ನಿಮ್ಮೂರಲ್ಲಿ ಇಂಥವ ಸಾವ್ರಾರು ಮಾಡ್ತೀರಂತೆ. ಅಲ್ಲೂ ಕಣ್ಣಿಲ್ದೋರು ಇರ್ತಾರಲ್ವಾ ಸಾಮಿ? ಮಾಡಾಗ್ಲೇ ಒಂದು ಸದ್ದು ಮಡಗ್ಬುಡಿ. ಅಷ್ಟೇಯ."

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಮ್ಯಾನೇಜರೂ ನೋಡುತ್ತಿದ್ದರು. ನನ್ನ ಮೊದಲ ಕೆಲಸ ಅದು. ನಮ್ಮ ಊರಿನಿಂದ ಇಂಥ ಕೆಲಸಕ್ಕೆ ಸೇರಿದ ಮೊದಲ ಹೆಣ್ಣು ಮಗಳು ನಾನು ಎಂದು ಅಪ್ಪ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದರು. ಇವೆಲ್ಲ ಆಮೇಲೆ ನಾನು ಹುಡುಕಿಕೊಂಡ ನೆಪಗಳು. ಆ ಗಳಿಗೆಯಲ್ಲಿ ನನಗೆ ಇದ್ದದ್ದು ಹೆದರಿಕೆ ಮಾತ್ರ. ನಾನು ಇಂಗ್ಲಿಷಿನಲ್ಲಿ ಹೇಳಿದೆ: ಹೊಸ ಗಾಡಿಗೆ ಗಂಟೆ ಕಟ್ಟುವುದು ನಮ್ಮ ಕಡೆಯ ಪದ್ಧತಿ, ಒಳ್ಳೆಯದಾಗಲಿ ಎಂದು.

ಹಿರಿಯರು ಅದನ್ನು ಕೇಳಿ ನಕ್ಕರು. ಬಗ್ಗಿ ಗಂಟೆಯನ್ನು ಬೆರಳಿನಿಂದ ಒಮ್ಮೆ ಬಡಿದು, ಡ್ರೈವರಣ್ಣನ ಭುಜ ತಟ್ಟಿದರು. ಮ್ಯಾನೇಜರು ಉಸಿರು ಬಿಟ್ಟರು. ಡ್ರೈವರಣ್ಣ ನನ್ನ ಕಡೆ ನೋಡಿ, "ಸರಿ, ಬಾರವ್ವ, ವೊತ್ತಾಯ್ತದೆ" ಎಂದು ಗಾಡಿ ಹತ್ತಿದರು. ಅವರ ಮಾತನ್ನೇ ಹೇಳಿದ್ದೇನೆ ಎಂದು ನಂಬಿದರಲ್ಲ ಎಂದು ನನಗೆ ಒಳಗೇ ಸಮಾಧಾನವಾಯಿತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಷ್ಟೆಲ್ಲ ಮಾಡಿಯೂ ಒಪ್ಪಂದ ಆಗಲಿಲ್ಲ. ನಮ್ಮ ಬ್ಯಾಟರಿ ತೂಕ ಹೆಚ್ಚು, ಅವರೇ ಹಗುರವಾದದ್ದನ್ನು ಮಾಡಿಕೊಳ್ಳುತ್ತಾರೆ, ಬ್ಯಾಟರಿ ಮುಗಿದರೆ ಪೆಟ್ರೋಲಿನಲ್ಲಿ ಓಡುವ ಇನ್ನೊಂದು ಗಾಡಿಯನ್ನೂ ಯೋಚಿಸುತ್ತಿದ್ದಾರೆ ಎಂದು ಕಾಗದ ಬಂತು. ಕೆಲವೇ ತಿಂಗಳಲ್ಲಿ ಗಿರಣಿಗೆ ಮತ್ತೆ ಬೀಗ ಬಿತ್ತು. ನನಗೆ ಮೈಸೂರಿನಲ್ಲಿ ಬೇರೆ ಕೆಲಸ ಸಿಕ್ಕಿತು. ಡ್ರೈವರಣ್ಣ ಮತ್ತೆ ಸ್ಟೀರಿಂಗು ಮುಟ್ಟಲಿಲ್ಲ, ಊರಿಗೆ ಹೋದರು.

ಒಂದು ವರ್ಷ ಕಳೆದ ಮೇಲೆ ತಡೆಯಲಾರದೆ ಅವರ ಮನೆ ಹುಡುಕಿಕೊಂಡು ನಾಗಮಂಗಲದ ಬಸ್ಸು ಹತ್ತಿದೆ. ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬಹಳ ಇಳಿದುಹೋಗಿದ್ದರು. ಕಾಫಿ ಕೊಟ್ಟು ಅವರ ಹೆಂಡತಿ ಒಳಗೆ ಹೋದಮೇಲೆ ಹೇಳಿದೆ: "ಅಣ್ಣ, ಅವತ್ತು ನೀವು ಹೇಳಿದ್ದನ್ನ ನಾನು ಅವರಿಗೆ ಹೇಳಲೇ ಇಲ್ಲ."

"ಗೊತ್ತು ಕಣವ್ವ."

"ನಿಮಗೆ ಇಂಗ್ಲಿಷ್ ಬರೋದಿಲ್ಲವಲ್ಲ?"

"ಆವಯ್ಯ ನಗ್ತಾ ಗಂಟೆ ಬಡುದ್ನಲ್ಲ. ಸತ್ತೋನ್ ಸುದ್ದಿ ಕೇಳ್ದೋನು ಅಂಗೆ ನಗ್ತಾನಾ?"

ನನಗೆ ಅಳು ಬಂತು. ಅವರು ಕೆಮ್ಮುತ್ತಾ, ಕೈಯೆತ್ತಿ ಸ್ವಲ್ಪ ತಾಳು ಎನ್ನುವಂತೆ ಸನ್ನೆ ಮಾಡಿದರು. ಕೆಮ್ಮು ನಿಂತ ಮೇಲೆ ಹೇಳಿದರು: "ಅಳೋದೆಲ್ಲ ಬುಡು. ಅವುರ್ದು ವಿಳಾಸ ಐತಾ? ಒಂದು ಕಾಗ್ದ ಬರ್ದಾಕು."

ಚೀನಾದಿಂದ ಬಂದಿದ್ದ ಹೆಂಗಸು ಹೊರಡುವಾಗ ಕೊಟ್ಟ ವಿಳಾಸದ ಚೀಟಿ ನನ್ನಲ್ಲಿತ್ತು. ಮುಂದಿನ ವಾರ ಇಂಗ್ಲಿಷಿನಲ್ಲಿ ಕಾಗದ ಬರೆದುಕೊಂಡು ಹೋಗಿ, ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದವರು ಒಂದು ಕಡೆ ತಡೆದರು.

"ಗಾಡಿ ಗುದ್ತು ಅಂತ ಬರ್ದಿದ್ದೀಯಾ?"

"ಹೌದು ಅಣ್ಣ."

"ಡ್ರೈವರು ಗುದ್ದಿದ ಅಂತ ಬರಿ. ಗಾಡಿ ತಾನೇ ಓಯ್ತದಾ?"

ತಿದ್ದಿದೆ. ಬರುವಾಗ ದಾರಿಯಲ್ಲಿ ನಾಗಮಂಗಲದ ಅಂಚೆ ಕಚೇರಿಯಲ್ಲಿ ಹಾಕಿ ಬಂದೆ. ಉತ್ತರ ಬರಲಿಲ್ಲ. ಹೋದಾಗಲೆಲ್ಲ "ಬಂತಾ?" ಎಂದು ಕೇಳುವರು. ಕೊನೆಯ ಸಲ ಹೋದಾಗ ಅವರಿಗೆ ಏಳಲೂ ಆಗುತ್ತಿರಲಿಲ್ಲ. ಬಾಗಿಲಲ್ಲೇ ಅವರ ಹೆಂಡತಿ ನನ್ನ ಕೈ ಹಿಡಿದು, "ಬಂದದೆ ಅಂತ ಯೋಳ್ಬುಡವ್ವ, ಜೀವ ತಣ್ಣಗಾಯ್ತದೆ" ಎಂದರು. ಒಳಗೆ ಹೋದೆ. ಅವರು ತುಟಿ ಅಲ್ಲಾಡಿಸಿ ಕೇಳಿದರು. ಬಂದಿದೆ ಎನ್ನಬೇಕೆಂದೇ ಬಾಯಿ ತೆರೆದೆ. "ಇಲ್ಲ ಅಣ್ಣ, ಬರಲಿಲ್ಲ" ಎಂದುಬಿಟ್ಟೆ.

"ಇನ್ನೊಂದು ಬರಿ. ಆ ಕಾಗ್ದ ಎಲ್ಲೋ ಕಳ್ದೋಗಿರ್ಬೇಕು" ಎಂದರು.

ಮೂರನೆಯ ದಿನ ಹೋಗಿಬಿಟ್ಟರು. ನಾನು ತಲುಪುವ ಹೊತ್ತಿಗೆ ಅಂಗಳದಲ್ಲಿ ಜನ ತುಂಬಿದ್ದರು. ತಲೆದೆಸೆಯಲ್ಲಿ ಅವರ ಹೆಂಡತಿಯ ಪಕ್ಕ ಇನ್ನೊಬ್ಬಾಕೆ ಕೂತಿದ್ದರು. ಕೆ.ಆರ್. ಪೇಟೆಯ ರಸ್ತೆಯ ಆ ಹಳ್ಳಿಯಿಂದ, ಎಮ್ಮೆಯನ್ನು ಯಾರಿಗೋ ಒಪ್ಪಿಸಿ, ಮೊದಲ ಬಸ್ಸಿಗೇ ಬಂದಿದ್ದರಂತೆ.

ಆ ರಾತ್ರಿಯೂ ಅಲ್ಲ, ಮರುದಿನವೂ ಅಲ್ಲ, ಹದಿನೈದು ದಿನ ಕಳೆದ ಮೇಲೆ ಇನ್ನೊಂದು ಕಾಗದ ಬರೆಯಲು ಕೂತೆ. ಹಳೆಯದರ ನಕಲು ಪಕ್ಕದಲ್ಲಿತ್ತು. ಅದರಲ್ಲಿ ನನ್ನ ವಿಷಯಕ್ಕೆ ಬಂದಾಗ, 'ಅಂದು ಈ ಸಂಗತಿ ತಮಗೆ ತಿಳಿಸಲಾಗಲಿಲ್ಲ' ಎಂದು ಬರೆದಿದ್ದೆ. ಡ್ರೈವರಣ್ಣನಿಗೆ ಓದಿ ಹೇಳುವಾಗ ಆ ಸಾಲನ್ನು ಬೇಗಬೇಗನೆ ದಾಟಿದ್ದೆ. ತಮ್ಮ ತಪ್ಪಿನ ಸಾಲನ್ನು ತಿದ್ದಿಸಿದ ಆ ಮನುಷ್ಯ ನನ್ನ ಸಾಲಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆ ಸಾಲು ಹೊಡೆದುಹಾಕಿ, ಅದರ ಕೆಳಗೆ ಬರೆದೆ: ಅಂದು ನಾನು ನಿಮಗೆ ಸುಳ್ಳು ಹೇಳಿದೆ.