ಬೀಗದಣ್ಣ ಹೇಳಿದ ನಿಜ

ಬೆನ್ನು ಕೈಕೊಟ್ಟ ಮೇಲೆ ಮೂಟೆ ಬಿಟ್ಟು ಬೀಗದ ಕೈ ಹಿಡಿದವನು ಅವನು. ಅಂದಿನಿಂದ ಎಲ್ಲರ ಬಾಯಲ್ಲೂ ಬೀಗದಣ್ಣ. ಹಮಾಲರ ಸಂಘದ ಹಳೆಯ ಕಟ್ಟಡಕ್ಕೆ ಅವನೇ ಕಾವಲು, ಕಸ ಗುಡಿಸುವವನೂ ಅವನೇ, ಚಪ್ಪಲಿ ಕಂಡಕಂಡಲ್ಲಿ ಬಿಟ್ಟವರನ್ನು ಬೈಯುವವನೂ ಅವನೇ. ಮುಂದಿನ ಹಾಲಿನಲ್ಲಿ ಸಭೆ. ಹಿಂದಿನ ಉದ್ದನೆಯ ಕೋಣೆಯಲ್ಲಿ ದಿಕ್ಕಿಲ್ಲದ ಮುದಿ ಹಮಾಲರ ಮಂಚಗಳು. ಧರ್ಮಕಾರ್ಯದ ಜಾಗವೆಂದು ಅಜ್ಜಂದಿರ ಕಾಲದಿಂದಲೂ ಅದಕ್ಕೆ ಕಂದಾಯ ಮಾಫಿ.

ಆದರೆ ಹಮಾಲರ ಬಿಗುಮಾನ ಕೇಳಬೇಕೆ! ಪುಕ್ಕಟೆ ಮಲಗಿದರೆ ಮರ್ಯಾದೆ ಹೋಗುತ್ತದಂತೆ. ಅದಕ್ಕೇ ಬೆಳಿಗ್ಗೆ ಎದ್ದವರು ಬಾಗಿಲ ಪಕ್ಕದ ಡಬ್ಬಿಗೆ ಒಂದು ಚಿಲ್ಲರೆ ಕಾಸು ಹಾಕಬೇಕು. ಕೈ ಖಾಲಿ ಇದ್ದವನಿಗೆ ಬೀಗದಣ್ಣನೇ ಗುಟ್ಟಾಗಿ ಕೊಟ್ಟು ಹಾಕಿಸುತ್ತಿದ್ದ. ಆ ದುಡ್ಡು ಸೋಪಿಗೂ ಸಾಲುತ್ತಿರಲಿಲ್ಲ.

ಒಂದು ದಿನ, ಮಾಫಿ ಇರುವ ಕಟ್ಟಡಗಳನ್ನು ಮತ್ತೊಮ್ಮೆ ಪರಿಶೀಲಿಸಲು ಕಂದಾಯದ ಅಧಿಕಾರಿ ಬಂದರು. ಮಂಚಗಳನ್ನು ನೋಡಿ, "ಇವರೆಲ್ಲ ಪುಕ್ಕಟೆ ಇದಾರಾ?" ಅಂದರು.

ಬೀಗದಣ್ಣನಿಗೆ ಮೈ ಉರಿಯಿತು. "ಇಲ್ಲಿ ಒಬ್ಬನೂ ಬಿಟ್ಟಿ ಮಲಗಲ್ಲ ಸಾರ್. ದಿನಾ ದುಡ್ಡು ಕೊಟ್ಟೇ ಮಲಗ್ತಾರೆ!" ಎಂದು ಎದೆಯುಬ್ಬಿಸಿ ಹೇಳಿದ.

ಅಧಿಕಾರಿ ಬರೆದುಕೊಂಡು ಹೋದರು. ದುಡ್ಡು ಪಡೆದು ಜನರನ್ನು ಮಲಗಿಸುವುದು ಧರ್ಮವಲ್ಲ, ವ್ಯಾಪಾರ ಎಂದು ಆದೇಶ ಬಂತು. ಮಾಫಿ ರದ್ದು. ಕಂದಾಯ ಕಟ್ಟುವ ತಾಕತ್ತು ಸಂಘಕ್ಕೆಲ್ಲಿತ್ತು? ಹಿಂದಿನ ಕೋಣೆಯನ್ನು ಗೋದಾಮಿಗೆ ಬಾಡಿಗೆ ಕೊಡುವುದೆಂದು ಅಧ್ಯಕ್ಷರು ತಲೆ ತಗ್ಗಿಸಿಕೊಂಡೇ ತೀರ್ಮಾನಿಸಿದರು.

ಬೀಗದಣ್ಣ ಕಂದಾಯ ಕಚೇರಿಗೆ ಓಡಿದ. "ಸಾರ್, ಅವತ್ತು ನಾನು ಸುಳ್ಳು ಹೇಳ್ಬಿಟ್ಟೆ. ಯಾರೂ ಏನೂ ಕೊಡಲ್ಲ. ಎಲ್ಲಾ ಬಿಟ್ಟಿ ಬಿದ್ದಿರೋರೇ."

ಹಾಗೆನ್ನುವಾಗ ಅವನ ಕಿವಿ ಕೆಂಪಾಗಿತ್ತು. ಅಧಿಕಾರಿ ಕೆಟ್ಟವರಲ್ಲ; ಕುರ್ಚಿ ತೋರಿಸಿದರು. "ಯಜಮಾನ್ರೇ, ಸುಳ್ಳು ಹೇಳೋಕೆ ನಿಮಗೆ ಬರಲ್ಲ."

ಆಗ ಬೀಗದಣ್ಣ ಡಬ್ಬಿಯ ಕಥೆಯನ್ನೆಲ್ಲ ಬಿಡಿಸಿ ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡರು. "ಒಂದು ಕಾಸಾದ್ರೂ ದುಡ್ಡು ದುಡ್ಡೇ ಅಲ್ವಾ? ಕಾನೂನಲ್ಲಿ ಮರ್ಯಾದೆಗೆ ಅಂತ ಜಾಗ ಇಲ್ಲ. ನನ್ನ ಕೈಲೇನೂ ಇಲ್ಲ," ಎಂದರು.

ಹಿಂದಿನ ಕೋಣೆಯಲ್ಲಿ, ಎಲ್ಲರೂ ಮಾವ ಎನ್ನುತ್ತಿದ್ದ ಕಣ್ಣು ಕಾಣದ ಮುದುಕ ಬೀಗದಣ್ಣನ ಹೆಜ್ಜೆ ಸಪ್ಪಳಕ್ಕೇ ಎದ್ದು ಕೂತ. ಹಿಂದೆ ಒಂದೇ ಗಾಡಿಗೆ ಇಬ್ಬರೂ ಹೆಗಲು ಕೊಟ್ಟವರು. ಬೀಗದಣ್ಣ ಮಂಚದ ಅಂಚಿಗೆ ಕುಸಿದು ಮಗುವಿನ ಹಾಗೆ ಅತ್ತ.

"ನನ್ನ ಬಾಯಿಂದಲೇ ಎಲ್ಲಾ ಹಾಳಾಯ್ತು ಮಾವ."

"ಅಳಬೇಡ್ವೋ. ನಮ್ಮ ಮಾನ ಉಳಿಸೋಕೆ ತಾನೇ ಹೇಳಿದ್ದು?" ಮಾವ ಅವನ ಬೆನ್ನು ಸವರಿದ. ಸ್ವಲ್ಪ ಹೊತ್ತಿಗೆ ಆ ಕೈ ನಿಂತಿತು. "ಅಲ್ಲ ಕಣೋ, ನಾಳೆ ನಾವೆಲ್ಲ ಎಲ್ಲಿ ಮಲಗೋದು?"