ಗಾಲಿಯ ಮೇಲಿನ ಬಿಸಿನೀರು

ಹೋದ ಸೋಮವಾರ ಸ್ನಾನಕ್ಕೆ ಹೋದ ನಮ್ಮತ್ತೆ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ.

ಮನೆಯ ಬಚ್ಚಲಲ್ಲ, ಗಾಡಿಯೊಳಗಿನ ಬಚ್ಚಲು. ಕ್ಯಾತನಹಳ್ಳಿಯಲ್ಲಿ ಕಬ್ಬು ಬೆಳೆಯುವ ನನ್ನ ಮೈದುನ ಯೋಗೇಶ ಈಚೆಗೆ ಹಳೇ ಮಿನಿ ಬಸ್ಸೊಂದನ್ನು ಕೊಂಡ. ಸೀಟು ಕಿತ್ತೆಸೆದು, ಮಂಚ, ಒಲೆ, ಬಚ್ಚಲು ಎಲ್ಲ ಕೂರಿಸಿ 'ಕ್ಯಾರವಾನ್' ಮಾಡಿದ. ಟೂರಿಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಾನಂತೆ. ಅದಕ್ಕೂ ಮುಂಚೆ ದೇವಲಾಪುರದಾಚೆಯ ಮನೆದೇವರಿಗೆ ಗಾಡಿ ತೋರಿಸಿ ಪೂಜೆ ಮಾಡಿಸಬೇಕು ಎಂದು ಅತ್ತೆಯ ಆಜ್ಞೆ. ಅತ್ತೆ, ಯೋಗೇಶ, ನಾನು ಹೊರಟೆವು. (ನಮ್ಮ ಯಜಮಾನರಿಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲವಂತೆ. ನನಗೆ ಅದರ ಮೇಲೂ ಅನುಮಾನವಿದೆ, ಇರಲಿ.)

ಆ ಗಾಡಿಯಲ್ಲಿ ನನಗೆ ಮೊದಲ ನೋಟಕ್ಕೇ ಹಿಡಿಸದ್ದು ಗ್ಯಾಸ್ ಗೀಸರ್. ಬೀರುವಿನಷ್ಟು ಅಗಲದ ಬಚ್ಚಲು, ಅದರ ಗೋಡೆಗೇ ಗೀಸರ್. ಅಷ್ಟು ಇಕ್ಕಟ್ಟಿನಲ್ಲಿ ಪಕ್ಕದಲ್ಲೇ ಬೆಂಕಿ ಉರಿಯುತ್ತಿದ್ದರೆ ನೆಮ್ಮದಿಯಾಗಿ ಸೋಪು ಹಚ್ಚಿಕೊಳ್ಳಲು ಆಗುತ್ತದೆಯೇ?

"ಇದರ ಹೊಗೆ ಎಲ್ಲಿಗೆ ಹೋಗುತ್ತಪ್ಪಾ?" ಎಂದು ಯೋಗೇಶನನ್ನು ಕೇಳಿದೆ.

"ಗ್ಯಾಸಿಗೆಲ್ಲಿ ಒಗೆ ಅತ್ಗೆ? ಬಂದ್ರೂ ಪೈಪಲ್ಲಿ ಆಚ್ಗೆ ಓಯ್ತದೆ. ನೀವೊಳ್ಳೆ ಪೊಲೀಸ್ನೋರು ಕೇಳ್ದಂಗೆ ಕೇಳ್ತೀರಲ್ಲ!" ಎಂದು ನಕ್ಕ.

ಗುಡಿಯ ಮುಂದಿನ ಬಯಲಿನಲ್ಲಿ ಗಾಡಿ ನಿಂತಿತು. ತಲೆಗೆ ನೀರು ಹಾಕಿಕೊಳ್ಳದೆ ಅತ್ತೆ ಗುಡಿಯ ಮೆಟ್ಟಿಲು ಹತ್ತುವವರಲ್ಲ. ಪೂಜೆ ಮುಗಿಯುವ ತನಕ ಒಂದು ಗುಟುಕು ಕಾಫಿಯೂ ಇಲ್ಲ.

"ಕಿಟಕಿ ಎಲ್ಲಾ ಮುಚ್ಚಮ್ಮಿ, ಆಚೆ ಗಂಡಸ್ರು ಓಡಾಡ್ತಾವ್ರೆ" ಎಂದರು. ಮುಚ್ಚಿದೆ. (ಅಷ್ಟೆಲ್ಲ ಅನುಮಾನವಿದ್ದವಳು ಯಾಕೆ ಮುಚ್ಚಿದೆ? ಈಗಲೂ ನನ್ನ ಮೇಲೆ ನನಗೇ ಸಿಟ್ಟಿದೆ.)

ಗಾಡಿಯೊಳಗೇ, ಬಚ್ಚಲಿನ ಬಾಗಿಲ ಬಳಿ ಕೂತು ಪೂಜೆಗೆ ಹೂವು ಕಟ್ಟುತ್ತಿದ್ದೆ. ಒಳಗೆ ನೀರು ಸುರಿಯುವ ಸದ್ದು. ಸ್ವಲ್ಪ ಹೊತ್ತಿಗೆ ನನಗೆ ತಲೆ ನೋಯತೊಡಗಿತು. ಪ್ರಯಾಣದ್ದಿರಬೇಕು ಎಂದುಕೊಂಡೆ. "ಅತ್ತೆ, ಆಯ್ತಾ?" ಎಂದರೆ ಉತ್ತರವಿಲ್ಲ. ಮತ್ತೆ ಕೂಗಿದೆ. ಚೊಂಬು ದಡಾರನೆ ಬಿತ್ತು.

ಪುಣ್ಯಕ್ಕೆ ಆ ಬಾಗಿಲಿನ ಚಿಲಕ ಇನ್ನೂ ಸರಿಯಾಗಿ ಕೂತಿರಲಿಲ್ಲ. ಎಳೆದು ನೋಡಿದರೆ ಅತ್ತೆ ಗೋಡೆಗೊರಗಿ ಕುಸಿದಿದ್ದಾರೆ. ಕಣ್ಣು ಅರೆಬರೆ ತೆರೆದಿದೆ. ಗೀಸರ್ ಆರಿಸಿ, ಮೈಗೆ ಸೀರೆ ಸುತ್ತಿ, ಯೋಗೇಶನನ್ನು ಕೂಗಿದೆ. ಇಬ್ಬರೂ ಹೊತ್ತು ತಂದು ಹುಣಸೆಮರದ ಕೆಳಗೆ ಮಲಗಿಸಿದೆವು. ಗಾಳಿ ಸೋಕಿದ ಮೇಲೆ ನಿಧಾನವಾಗಿ ಕಣ್ಣುಬಿಟ್ಟರು.

"ತಲೆ ಧಿಮ್ಮಂತದೆ ಕಣಮ್ಮಿ" ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆಗಾಗಿ ಸೊಸೆ ಅಳುವುದೇ ಎಂದು ನೀವು ನಗಬಹುದು. ಅವರು ಹೋಗಿಯೇಬಿಟ್ಟರು ಎಂದುಕೊಂಡಿದ್ದೆ.

"ಉಪಾಸ ಅಲ್ವಾ, ಅದ್ಕೇ ಬವಳಿ ಬಂದದೆ. ವಸಿ ಬೆಲ್ಲದ ನೀರು ಕುಡ್ಸಿ" ಎಂದ ಯೋಗೇಶ. ಸುತ್ತ ನೆರೆದಿದ್ದವರೆಲ್ಲ ಹೌದೌದು ಎಂದರು.

ಉಪವಾಸವೇ? ನಾನು ಶುಗರ್ ಮಾತ್ರೆ ನುಂಗುವವಳು, ನನಗೆ ಉಪವಾಸದಿಂದ ರಿಯಾಯಿತಿ. ಹೊರಡುವ ಮುಂಚೆ ಹೊಟ್ಟೆ ತುಂಬ ಇಡ್ಲಿ ತಿಂದಿದ್ದೆ. ಹಾಗಾದರೆ ನನ್ನ ತಲೆ ಯಾಕೆ ಸಿಡಿಯುತ್ತಿದೆ?

ಎದ್ದು ಗಾಡಿಯನ್ನು ಒಂದು ಸುತ್ತು ಹಾಕಿದೆ. ಬಚ್ಚಲಿನ ಹೊರಮೈಯಲ್ಲಿ, ಗೀಸರಿನ ಹೊಗೆ ಬರಬೇಕಾದ ಜಾಗದಲ್ಲೇ, ಕೋರೆಹಲ್ಲಿನ ದೃಷ್ಟಿಬೊಂಬೆಯೊಂದು ನಾಲಗೆ ಚಾಚಿ ಕೂತಿತ್ತು. ಬೆಳಿಗ್ಗೆ ಹತ್ತುವಾಗ ಹೂವಿನ ಹಾರಗಳ ನಡುವೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸ್ಕ್ರೂ ಹೊಡೆದು ಬಿಗಿಯಾಗಿ ಕೂರಿಸಿದ್ದಾನೆ. ಮುಟ್ಟಿದರೆ ಕೈ ಸುಡುವಷ್ಟು ಬಿಸಿ.

"ಅಲ್ಲೊಂದು ತೂತಿತ್ತು ಅತ್ಗೆ" ಎಂದ ಯೋಗೇಶ. "ಒಸಾ ಪೇಂಟ್ ಮ್ಯಾಲೆ ಮಸಿ ಇಡೀತಿತ್ತು. ಎಂಗೂ ಬೊಂಬೆ ಆಕ್ಬೇಕಿತ್ತಲ್ಲ, ಅಲ್ಲೇ ಆಕ್ಬುಟ್ಟೆ. ಜನದ ಕಣ್ಣು ಸುಮ್ಕಿರ್ತದಾ?"

ನೋಡಿ, ಎದುರುಮನೆಯವರು ಗಾಡಿಯ ಕಡೆ ಎರಡು ಸಲ ತಿರುಗಿದರೆ ಇವನಿಗೆ ಅನುಮಾನ. ಉರಿಯುವ ಗ್ಯಾಸಿನ ಮೇಲೆ ಮಾತ್ರ ಎಲ್ಲಿಲ್ಲದ ನಂಬಿಕೆ. ಇವನೊಬ್ಬನೇ ಏನು? ಗ್ಯಾಸ್ ಗೀಸರ್ ಇರುವ ಮನೆಗಳಲ್ಲೂ ಚಳಿಗೆ, ಸೊಳ್ಳೆಗೆ, ಹಲ್ಲಿಗೆ ಹೆದರಿ ಗಾಳಿಕಿಂಡಿಗೆ ರಟ್ಟು ತುರುಕುವವರು ನಮ್ಮಲ್ಲಿ ಕಡಿಮೆ ಇದ್ದಾರೆಯೇ?

ಬೆಲ್ಲದ ನೀರು ಬದಿಗಿಟ್ಟು ಕಿಟಕಿಗಳನ್ನೆಲ್ಲ ತೆರೆದು ನಾಗಮಂಗಲಕ್ಕೆ ಓಡಿಸಿದೆವು. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಗ್ಯಾಸ್ ಉರಿಯುವಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ ಎಂದರು ಡಾಕ್ಟರು. ಹೊರಹೋಗಲು ದಾರಿ ಇಲ್ಲದಿದ್ದರೆ ಒಳಗೇ ತುಂಬಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು, ಕೊನೆಗೆ ಎದ್ದು ಬಾಗಿಲು ತೆಗೆಯುವ ಶಕ್ತಿಯೂ ಇರುವುದಿಲ್ಲವಂತೆ. ಯೋಗೇಶ ತಲೆ ತಗ್ಗಿಸಿದ. ಅತ್ತೆ ಮಾತ್ರ ಮುಖದ ಮಾಸ್ಕ್ ಸರಿಸಿ, "ಬೊಂಬೆ ಇದ್ದುದ್ಕೆ ಇಷ್ಟ್ರಲ್ಲೇ ಓಯ್ತು ಬುಡು" ಎಂದರು. ಆಕ್ಸಿಜನ್ ಹಾಕಿಸಿಕೊಂಡಿರುವವರ ಜೊತೆ ವಾದ ಮಾಡಲು ಆಗುತ್ತದೆಯೇ?

ಯೋಗೇಶನಿಗೆ ಅಲ್ಲೇ ಹೇಳಿದೆ. ಬೊಂಬೆ ತೆಗೆ. ಸ್ಕ್ರೂ ಒಳಗಿನ ಪೈಪಿಗೆ ನಾಟಿರಬಹುದು, ಕೆಲಸ ಬಲ್ಲವರಿಗೆ ತೋರಿಸು. ಬಚ್ಚಲಿಗೆ ಮುಚ್ಚಲಾಗದಂಥ ಕಿಂಡಿ ಇಡಿಸು. ವಿಷಗಾಳಿ ಕಂಡರೆ ಕೂಗುವ ಅಲಾರಂ ಸಿಗುತ್ತದೆ, ತಂದು ಹಾಕು. ಶನಿವಾರ ಮೈಸೂರಿನ ಗಂಡ ಹೆಂಡತಿ ಎರಡು ಪುಟ್ಟ ಮಕ್ಕಳನ್ನು ಕರೆದುಕೊಂಡು ಮೊದಲ ಬಾಡಿಗೆಗೆ ಬರುವವರಿದ್ದರು. "ಎಲ್ಲಾ ಮಾಡುಸ್ತೀನಿ ಬುಡಿ ಅತ್ಗೆ" ಎಂದ. ಆ 'ಬುಡಿ' ಎಂದ ಧಾಟಿ ನನಗೆ ಸರಿಕಾಣಲಿಲ್ಲ.

ಗುರುವಾರ ಹೇಳದೆ ಕೇಳದೆ ಕ್ಯಾತನಹಳ್ಳಿಗೆ ಹೋದೆ. ಬೊಂಬೆ ಮುಂದಿನ ಬಂಪರಿಗೆ ಹೋಗಿತ್ತು. ಕಿಂಡಿಯೂ ಆಗಿತ್ತು. ಅಲಾರಮ್ಮಿನ ಡಬ್ಬಿಯೂ ಗೋಡೆಯ ಮೇಲಿತ್ತು. ಆದರೆ ಅದರ ಲೈಟು ಉರಿಯುತ್ತಿರಲಿಲ್ಲ.

"ಅದು ಡೂಪ್ಲಿಕೇಟ್ ಮಾಲು ಅತ್ಗೆ" ಎಂದ. "ಬಿಸ್ನೀರು ಬುಟ್ಟಾಗೆಲ್ಲಾ ಬಡ್ಕೊತದೆ. ಗಿರಾಕಿಗಳು ಎದ್ರುಕೊತಾರೆ ಅಂತ ಬ್ಯಾಟ್ರಿ ಕಿತ್ತಾಕ್ಬುಟ್ಟೆ."

ಇದನ್ನು ಬರೆಯುವ ಹೊತ್ತಿಗೆ ಆ ಗಾಡಿಯ ಕೀ ಶ್ರೀರಂಗಪಟ್ಟಣದ ನಮ್ಮ ಮನೆಯಲ್ಲಿ, ನನ್ನ ವ್ಯಾನಿಟಿ ಬ್ಯಾಗಿನೊಳಗಿದೆ. ಆ ಪೈಪನ್ನು ಕೆಲಸ ಬಲ್ಲವರು ನೋಡುವ ತನಕ ಕೊಡುವುದಿಲ್ಲ. ಮೈಸೂರಿನವರಿಗೆ ನಾನೇ ಫೋನ್ ಮಾಡಿ ಬರಬೇಡಿ ಎಂದಿದ್ದೇನೆ. ಮೈದುನ ಮಾತು ಬಿಟ್ಟಿದ್ದಾನೆ, ಬಿಡಲಿ.

ಬಿಸಿನೀರು ಬಿಟ್ಟಾಗ ಮಾತ್ರ ಬಡಿದುಕೊಳ್ಳುವ ಅಲಾರಂ ಕೆಟ್ಟಿದೆ ಎಂದು ಇವನಿಗೆ ಹೇಳಿದವರು ಯಾರು?