ಟ್ಯಾಬ್ ವಾಪಸ್ ಪಡೆದ ದಿನ

ಮಣಿಪಾಲದಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಿದರೆ, ಟ್ಯಾಬು, ಮೊಬೈಲುಗಳಿಂದ ಮಕ್ಕಳ ಕಲಿಕೆ ಏನಾಗುತ್ತದೆಂದು ಸಂಶೋಧನೆ ಮಾಡುವ ಪ್ರೊಫೆಸರ್ ಎನ್ನುತ್ತೇನೆ. "ಒಳ್ಳೆಯದಾ ಮೇಡಂ, ಕೆಟ್ಟದಾ?" ಎಂದು ಮರುಕ್ಷಣವೇ ಕೇಳುತ್ತಾರೆ. ಉತ್ತರ ಗೊತ್ತಿದ್ದರೆ ನಾನು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ. ಮೊದಲೇ ನಾನು ಪುಕ್ಕಲಿ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಕಡಿಯಾಳಿಯ ಮನೆಗೆ ತಿರುಗಿ ಬರುವವಳು.

ಹಿರಿಯಡ್ಕದ ಬಳಿಯ ಶಾಲೆಯೊಂದರ ಎರಡನೇ ತರಗತಿಗೆ ನಾವು ಓದು ಕಲಿಸುವ ಟ್ಯಾಬುಗಳನ್ನು ಕೊಟ್ಟಿದ್ದೆವು. ಅರ್ಧ ವರ್ಷ ಇಲ್ಲಿ, ಉಳಿದರ್ಧ ಕಾಪುವಿನ ಒಂದು ಶಾಲೆಯಲ್ಲಿ. ಆಮೇಲೆ ಎರಡೂ ಕಡೆಯ ಮಕ್ಕಳ ಓದನ್ನು ಹೋಲಿಸುವುದು. ಈ ನಿಯಮ ಮಾಡಿದ್ದು ನಾನೇ. ಮಾಡುವಾಗ ಹಿರಿಯಡ್ಕದ ತರಗತಿಯ ಒಬ್ಬ ಹುಡುಗಿಯ ಪರಿಚಯ ನನಗಿರಲಿಲ್ಲ.

ಅವಳ ಅಪ್ಪ ಅಮ್ಮ ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಶಾಲೆಗೆ ಸೇರಿದ ಹೊಸತರಲ್ಲಿ ಅವಳು ಟೀಚರನ್ನು ತನ್ನ ಊರಿನ ರೂಢಿಯಂತೆ "ಅಕ್ಕೋರ" ಎಂದು ಕರೆದಳಂತೆ. ಮನೆಯಲ್ಲಿ ತುಳು ಮಾತಾಡುವ ಆ ಮಕ್ಕಳು ಅಂಥ ಕನ್ನಡವನ್ನು ಕೇಳಿದವರಲ್ಲ. ತರಗತಿಗೆ ತರಗತಿಯೇ ನಕ್ಕಿತು. ಅಂದಿನಿಂದ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಟ್ಯಾಬ್ ಬಂದ ಮೇಲೆ ಗೋಡೆಗೆ ಮುಖ ಮಾಡಿ ಕೂತು, ಅದಕ್ಕೆ ಮಾತ್ರ ಕೇಳುವಷ್ಟು ಮೆಲ್ಲಗೆ ಓದತೊಡಗಿದಳು. ತಪ್ಪಿದರೆ ಅದು ಮತ್ತೊಮ್ಮೆ ಹೇಳಿಕೊಡುತ್ತಿತ್ತು, ಅಷ್ಟೆ. ಅದರಲ್ಲಿ ರೆಕಾರ್ಡ್ ಆದ ಅವಳ ದನಿಯನ್ನು ನಾನು ಮಣಿಪಾಲದಲ್ಲಿ ಕೂತು ಕೇಳುತ್ತಿದ್ದೆ. ಚೆಂದದ ಓದು. ಮನುಷ್ಯರೆದುರು ಮಾತ್ರ ಒಂದಕ್ಷರವೂ ಇಲ್ಲ.

ಟ್ಯಾಬುಗಳನ್ನು ಕಾಪುವಿಗೆ ಸಾಗಿಸುವ ದಿನ ಬಂತು. ಕಾರ್ಕಳದ ಬಸ್ಸು ಹತ್ತಿದಾಗಿನಿಂದ ತಲೆಯಲ್ಲಿ ಒಂದೇ ಲೆಕ್ಕಾಚಾರ. ಒಂದನ್ನು ಅವಳಿಗೇ ಬಿಟ್ಟರೆ ಹೋಲಿಕೆ ಕೆಡುತ್ತದೆ; ತೆಗೆದುಕೊಂಡು ಹೋಗಿ ಅವಳ ಓದೇ ನಿಂತುಹೋದರೆ? ಕಂಡಕ್ಟರ್ ಕೂಗದಿದ್ದರೆ ಹಿರಿಯಡ್ಕದಲ್ಲಿ ಇಳಿಯುವುದನ್ನೇ ಮರೆಯುತ್ತಿದ್ದೆ.

"ಅವಳು ಟ್ಯಾಬಿನ ಹತ್ತಿರ ಮಾತ್ರ ಮಾತಾಡುವುದು ಮೇಡಂ," ಎಂದರು ಟೀಚರ್. "ನಾಳೆಯಿಂದ ಎಂತ ಮಾಡುವುದು?"

"ಇವತ್ತು ನಾನೇ ಓದಿಸಿ ನೋಡುತ್ತೇನೆ," ಎಂದೆ. ಧೈರ್ಯ ಇದ್ದದ್ದು ಮಾತಿನಲ್ಲಿ ಮಾತ್ರ.

ಉಳಿದ ಮಕ್ಕಳು ಬಿಸಿಯೂಟಕ್ಕೆ ಹೋದ ಮೇಲೆ ಅವಳನ್ನು ಹತ್ತಿರ ಕೂರಿಸಿಕೊಂಡು ಟ್ಯಾಬ್ ಕೇಳಿದೆ. ತಕರಾರಿಲ್ಲದೆ ಕೊಟ್ಟಳು. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಪಾಠದ ಪುಸ್ತಕ ತೆರೆದಿಟ್ಟೆ. ಅವಳು ಪುಟದ ಬದಲು ನನ್ನ ಮುಖವನ್ನೇ ನೋಡಿದಳು. ಎಲ್ಲಿ ನಗುತ್ತೇನೋ ಎಂದು ಕಾಯುತ್ತಿದ್ದಾಳೆ ಎಂದು ಹೊಳೆದು ತುಟಿ ಬಿಗಿಹಿಡಿದೆ. ಹುಬ್ಬು ಕೂಡ ಅಲುಗಿಸಲಿಲ್ಲ. ಟ್ಯಾಬಿಗೆ ಮುಖವಿಲ್ಲ, ಆ ಹೊತ್ತಿಗೆ ನನಗೂ ಇಲ್ಲದಿದ್ದರೆ ಚೆನ್ನಾಗಿತ್ತು.

ಬಹಳ ಹೊತ್ತಿನ ಮೇಲೆ ಒಂದು ಪದ ಬಂತು. ಆಮೇಲೆ ಇನ್ನೊಂದು. ನನ್ನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಹೆದರಿದೆ. ಒಂದು ಸಾಲು ಮುಗಿಸಿ ಅವಳು ನಿಲ್ಲಿಸಿಬಿಟ್ಟಳು. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

"ಯಾಕ ಸಿಟ್ಟಿಗೆದ್ದೀರಿ ಅಕ್ಕೋರ?"

ನಗಬಾರದೆಂದು ಬಿಗಿದ ಮುಖ ಅವಳಿಗೆ ಸಿಟ್ಟಿನ ಮುಖವಾಗಿ ಕಂಡಿತ್ತು. ಈಗ ನಕ್ಕರೂ ಕಷ್ಟ, ನಗದಿದ್ದರೂ ಕಷ್ಟ.

"ಸಿಟ್ಟಲ್ಲ ಮಗಾ," ಎಂದೆ. "ನನಗೆ ಹೆದರಿಕೆ."

"ಯಾಕ್ರಿ?"

"ನೀನು ಇನ್ನು ಓದುವುದಿಲ್ಲವೋ ಏನೋ ಅಂತ."

"ನನಗೂ ಹೆದರಿಕಿ ಐತ್ರಿ," ಎಂದಳು. ಪುಸ್ತಕವನ್ನು ಇಬ್ಬರ ನಡುವೆ ಎಳೆದು, ನನ್ನ ಬೆರಳು ಹಿಡಿದು ಮುಂದಿನ ಸಾಲಿನ ಕೆಳಗೆ ಇಟ್ಟಳು.